ಗಲ್ಲಿಯಿಂದ ದಿಲ್ಲಿಗೆ ಒಂದು ಪ್ರಶ್ನೆ

ಕಾಶಿಯ ವಿಶ್ವನಾಥ ಗಲ್ಲಿಯ ಜನರಿಗೆ ಒಂದು ದೊಡ್ಡ ಹೆಮ್ಮೆಯಿದೆ. 2014ರಿಂದ ಅವರ ಸಂಸದರು ಪ್ರಧಾನಿ ನರೇಂದ್ರ ಮೋದಿ. ಬಳೆ ಅಂಗಡಿಯವರು, ಮರದ ಆಟಿಕೆ ಮಾರುವವರು, ಹಿತ್ತಾಳೆ ಗಂಟೆ ತೂಗುವವರು, ಯಾರನ್ನು ಕೇಳಿದರೂ 'ನಮ್ಮ ಎಂಪಿ' ಎಂದು ಹೇಳುವಾಗ ಎದೆ ಸ್ವಲ್ಪ ಮುಂದೆ ಬರುತ್ತದೆ. ಆ ಹೆಮ್ಮೆಯ ಬೆನ್ನಿಗೇ ಒಂದು ಕೊರತೆಯೂ ಇದೆ. ಅದನ್ನು ಇಲ್ಲಿ ಯಾರೂ ಕೊರತೆ ಎಂದು ಎಣಿಸುವುದಿಲ್ಲ. ಸಂಸತ್ತಿನ ಪ್ರಶ್ನೋತ್ತರ ವೇಳೆಯಲ್ಲಿ ಮಂತ್ರಿಗಳು ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ಹೀಗಾಗಿ ಹನ್ನೊಂದು ವರ್ಷ ಮೀರಿತು, ಈ ಗಲ್ಲಿಯ ಸಂಸದರು ಈ ಗಲ್ಲಿಗಾಗಿ ಸದನದಲ್ಲಿ ಒಂದು ಪ್ರಶ್ನೆಯನ್ನೂ ಕೇಳಿಲ್ಲ. ಕೇಳುವ ಹಾಗೂ ಇಲ್ಲ. ಇಲ್ಲಿನವರ ಪ್ರಶ್ನೆ ಕೇಳಬೇಕಾದರೆ ಬೇರೆ ಊರಿನಿಂದ ಗೆದ್ದು ಬಂದವರು ಯಾರಾದರೂ ಏಳಬೇಕು.

ನನ್ನ ಸ್ಥಿತಿ ಇದಕ್ಕಿಂತ ಏನೂ ಮೇಲಲ್ಲ. ವೋಟು ಇರುವುದು ದಾವಣಗೆರೆ ಜಿಲ್ಲೆಯ ಚನ್ನಗಿರಿಯಲ್ಲಿ. ವಾಸ ಈ ಗಲ್ಲಿಯ ಒಂದು ಕವಲಿನ ಮೂರನೇ ಮಹಡಿಯಲ್ಲಿ. ಹೆಂಡತಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ನಾನು ಬೆಂಗಳೂರಿನ ಕಂಪನಿಯೊಂದಕ್ಕೆ ಇಲ್ಲಿಂದಲೇ ಕೋಡ್ ಬರೆಯುತ್ತೇನೆ. ಕಿಟಕಿ ತೆರೆದರೆ ಮೀಟಿಂಗ್‌ನಲ್ಲಿ ಎಲ್ಲರಿಗೂ 'ಹರ ಹರ ಮಹಾದೇವ' ಕೇಳಿಸುತ್ತದೆ. ಗೊದೌಲಿಯಾದ ಹತ್ತಿರ ಜಂಗಮವಾಡಿ ಮಠ ಇರುವುದರಿಂದ, ಗಂಗೆಯ ದಡದಲ್ಲಿ ಕರ್ನಾಟಕ ಘಾಟ್ ಎಂಬ ಹೆಸರಿನ ಒಂದು ಘಾಟೇ ಇರುವುದರಿಂದ ದಿನಕ್ಕೊಮ್ಮೆಯಾದರೂ ಕನ್ನಡ ಕಿವಿಗೆ ಬೀಳುತ್ತದೆ. 'ಏನ್ರೀ, ಚಪ್ಪಲಿ ಎಲ್ ಬಿಟ್ರಿ?' ಅಂತ ಯಾರೋ ಯಾರನ್ನೋ ಗದರಿಸುತ್ತಿರುತ್ತಾರೆ. ಕೆಳಗಿನ ಬಳೆ ಅಂಗಡಿಯ ಚಾಚಾ ಕೂಡ ನಮ್ಮೂರ ಯಾತ್ರಿಕರನ್ನು ಕಂಡರೆ 'ಬನ್ನಿ ಅಮ್ಮಾ, ನೋಡಿ ಅಮ್ಮಾ' ಅನ್ನುವಷ್ಟು ಕಲಿತಿದ್ದಾರೆ.

ಬನಾರಸಿನಲ್ಲಿ ನಾಲ್ಕು ಜನ ಚಹಾ ಹಿಡಿದು ನಿಂತು ಲೋಕದ ವ್ಯವಹಾರ ತೀರ್ಮಾನ ಮಾಡುವ ಜಾಗಕ್ಕೆ 'ಅಡೀ' ಎನ್ನುತ್ತಾರೆ. ಅಸ್ಸಿಯ ಅಡೀಗಳು ಹೆಸರುವಾಸಿ. ನಮ್ಮ ಕವಲಿನದು ಚಿಕ್ಕದು, ಒಂದು ಸ್ಟೌ, ಒಂದು ಬೆಂಚು, ಒಂದು ಹಳೆಯ ಟಿ.ವಿ. ಅಧಿವೇಶನ ನಡೆಯುವಾಗ ಅದರಲ್ಲಿ ಸಂಸದ್ ಟಿ.ವಿ. ಓಡುತ್ತಿರುತ್ತದೆ, ಕ್ರಿಕೆಟ್ ಇಲ್ಲದಿದ್ದರೆ. ರಾಜ್ಯಸಭೆಯಲ್ಲಿ 2021ರಿಂದ ವಿರೋಧ ಪಕ್ಷದ ನಾಯಕರಾಗಿರುವ ಮಲ್ಲಿಕಾರ್ಜುನ ಖರ್ಗೆಯವರು ಎದ್ದು ನಿಂತಾಗಲೆಲ್ಲ ಬೆಂಚಿನವರು ನನ್ನ ಕಡೆ ತಿರುಗುತ್ತಾರೆ. 'ಕಾ ಗುರೂ, ನಿಮ್ಮವರು ಶುರು ಮಾಡಿದರು' ಎನ್ನುತ್ತಾರೆ. ಬೀದರ್ ಜಿಲ್ಲೆಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ಬೆಳೆದವರ ಹಿಂದಿಗೆ ದಖನಿಯ ಒಂದು ಒಗ್ಗರಣೆ ಇರುತ್ತದಲ್ಲ, ಅದು ಬನಾರಸಿನವರಿಗೆ ಬಹಳ ಇಷ್ಟ. 'ಇದು ಪುಸ್ತಕದ ಹಿಂದಿಯಲ್ಲ, ಬಾಯಿಯ ಹಿಂದಿ' ಎಂದು ಚಾಚಾ ಸರ್ಟಿಫಿಕೇಟ್ ಕೊಟ್ಟಿದ್ದಾರೆ. ಅವರ ವೋಟು ಮಾತ್ರ ಆ ಪಕ್ಷಕ್ಕೆ ಬಿದ್ದಿದ್ದು ನೆನಪಿಲ್ಲವಂತೆ.

2023ರ ಫೆಬ್ರವರಿಯಲ್ಲಿ ಖರ್ಗೆಯವರ ಭಾಷಣದ ಕೆಲವು ಭಾಗಗಳನ್ನು ಕಡತದಿಂದ ತೆಗೆದುಹಾಕಿದ್ದು ದೊಡ್ಡ ಸುದ್ದಿಯಾಗಿತ್ತು. ಆ ಮಾತು ಈಗಲೂ ಆಗಾಗ ಬೆಂಚಿಗೆ ಬರುತ್ತದೆ. ಟಿ.ವಿ.ಯಲ್ಲಿ ಎಲ್ಲರೂ ಕೇಳಿಸಿಕೊಂಡ ಮಾತನ್ನು ಕಡತದಿಂದ ತೆಗೆದರೆ ಏನು ಸಿಕ್ಕಿತು ಎಂದು ಒಬ್ಬರ ವಾದ. ಇವರು ಕೂಗಾಡುವುದು ಬಿಟ್ಟು ಬೇರೇನು ಮಾಡುತ್ತಾರೆ ಎಂದು ಇನ್ನೊಬ್ಬರದು. ಎರಡನೆಯ ಮಾತು ನಮ್ಮೂರಲ್ಲೂ ಕೇಳಿದ್ದೇನೆ, ಆಫೀಸಿನ ವಾಟ್ಸ್ಆ್ಯಪ್ ಗುಂಪಿನಲ್ಲೂ ಕೇಳಿದ್ದೇನೆ. ಟಿ.ವಿ.ಯಲ್ಲಿ ಕಾಣುವುದು ಕೂಗಾಟವೇ ಆದ್ದರಿಂದ ಹಾಗನ್ನಿಸುವುದು ಸಹಜ. ಕಾಣದ ಭಾಗವೊಂದಿದೆ. ಈ ಲೇಖನ ಅದರ ಬಗ್ಗೆ.

ಲೋಕಸಭೆಯಲ್ಲಿ ಪ್ರಶ್ನೆ ಕೇಳುವುದೆಂದರೆ ಎದ್ದು ನಿಂತು ದನಿ ಏರಿಸುವುದಲ್ಲ. ಕನಿಷ್ಠ 15 ದಿನ ಮೊದಲು ಬರೆದು ಕೊಡಬೇಕು. ಯಾವ ಸಚಿವಾಲಯ ಎಂದು ಹೇಳಬೇಕು. ಪ್ರಶ್ನೆ ಸಾಮಾನ್ಯವಾಗಿ 150 ಪದ ದಾಟಬಾರದು. ಬಂದ ಪ್ರಶ್ನೆಗಳನ್ನೆಲ್ಲ ಚೀಟಿ ಎತ್ತುವ ರೀತಿಯಲ್ಲಿ ಆರಿಸಿ, ದಿನಕ್ಕೆ 20ಕ್ಕೆ ಚುಕ್ಕೆ ಗುರುತು ಹಾಕುತ್ತಾರೆ. ಅವಕ್ಕೆ ಮಂತ್ರಿ ಸದನದಲ್ಲೇ ಬಾಯಿ ಬಿಟ್ಟು ಉತ್ತರಿಸಬೇಕು. ಚುಕ್ಕೆ ಗುರುತಿಲ್ಲದ 230 ಪ್ರಶ್ನೆಗಳಿಗೆ ಲಿಖಿತ ಉತ್ತರ. ಒಂದು ಗಂಟೆಯ ಅವಧಿಯಲ್ಲಿ 20ರ ಪೈಕಿ ನಾಲ್ಕೈದು ಮುಗಿದರೆ ದೊಡ್ಡದು. ಆದರೆ ಚುಕ್ಕೆ ಗುರುತಿನ ಪ್ರಶ್ನೆಯ ನಿಜವಾದ ಚೂಪು ಇರುವುದು ಅದರ ಬಾಲದಲ್ಲಿ, ಅಂದರೆ ಪೂರಕ ಪ್ರಶ್ನೆಯಲ್ಲಿ. ಮೊದಲ ಉತ್ತರವನ್ನು ಅಧಿಕಾರಿಗಳು ಬರೆದುಕೊಟ್ಟಿರುತ್ತಾರೆ. ಪೂರಕ ಪ್ರಶ್ನೆ ಬಂದಾಗ ಮಂತ್ರಿಗೆ ತನ್ನ ಇಲಾಖೆ ನಿಜಕ್ಕೂ ಎಷ್ಟು ಗೊತ್ತು ಎಂಬುದು ಬಯಲಾಗುತ್ತದೆ.

ನಮ್ಮ ಕೆಲಸದಲ್ಲಿ ಇದಕ್ಕೆ ಹತ್ತಿರದ್ದು ಟಿಕೆಟ್. ಗ್ರಾಹಕ ಒಂದು ದೂರು ಬರೆದು ಹಾಕುತ್ತಾನೆ, ಅದಕ್ಕೊಂದು ನಂಬರ್ ಬೀಳುತ್ತದೆ, ಯಾರಾದರೂ ಉತ್ತರಿಸಿ ಮುಚ್ಚುವವರೆಗೂ ಅದು ತೆರೆದೇ ಇರುತ್ತದೆ. ನಾವು 'ಪರಿಶೀಲಿಸುತ್ತಿದ್ದೇವೆ' ಎಂದು ಬರೆದು ಸಮಯ ಕೊಳ್ಳುತ್ತೇವೆ. ಮಂತ್ರಿಗಳು 'ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು' ಎನ್ನುತ್ತಾರೆ. ಹಾಗಂದರೆ ಅದು ಭರವಸೆಯಾಗಿ ದಾಖಲಾಗುತ್ತದೆ. ಮೂರು ತಿಂಗಳೊಳಗೆ ಪೂರೈಸಬೇಕು. ಪೂರೈಸಿದರೋ ಇಲ್ಲವೋ ನೋಡಲಿಕ್ಕೆ ಸರ್ಕಾರಿ ಭರವಸೆಗಳ ಸಮಿತಿ ಅಂತಲೇ ಒಂದು ಸಮಿತಿ ಇದೆ. ನಮ್ಮ ಕಂಪನಿಯಲ್ಲಿ ಅಂಥದ್ದೊಂದು ಸಮಿತಿ ಇಲ್ಲದಿರುವುದು ನನ್ನ ಪುಣ್ಯ.

ಇದೆಲ್ಲ ನಿಯಮದ ಪುಸ್ತಕದಲ್ಲಿರುವುದು. ಅದು ಮನುಷ್ಯರನ್ನು ಹೇಗೆ ಮುಟ್ಟುತ್ತದೆ ಎಂದು ನನಗೆ ತಿಳಿಸಿಕೊಟ್ಟವನು ಗಲ್ಲಿಯ ಪಾನ್ ಅಂಗಡಿಯವರ ಎರಡನೇ ಮಗ. ಹೆಸರು ಬೇಡ, ಅವನಿಗೆ ಇಷ್ಟವಿಲ್ಲ. ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟುಗಳಿಗೆ ನಾಲ್ಕು ವರ್ಷ ಬಣ್ಣ ಬಳಿದವನು. ನಾನು ಕನ್ನಡದವನು ಎಂದು ಗೊತ್ತಾದ ದಿನ 'ಅಣ್ಣಾ, ಊಟ ಆಯ್ತಾ?' ಎಂದು ಕೇಳಿ ನನ್ನನ್ನು ಗಲ್ಲಿಯ ಮಧ್ಯೆ ನಿಲ್ಲಿಸಿಬಿಟ್ಟ. ನನ್ನ ಹಿಂದಿಗಿಂತ ಅವನ ಕನ್ನಡ ಎಷ್ಟೋ ವಾಸಿ. ನಾನು ಅವನ ಊರಿಗೆ ಬಂದೆ, ಅವನು ನಮ್ಮ ಊರಿಗೆ ಹೋಗಿದ್ದ. ವ್ಯತ್ಯಾಸ ಇಷ್ಟೇ. ನನ್ನ ವಲಸೆಗೆ ಕಂಪನಿ ಲ್ಯಾಪ್‌ಟಾಪ್ ಕಳಿಸಿತು, ಅವನದಕ್ಕೆ ಮೇಸ್ತ್ರಿ ತಗಡಿನ ಶೆಡ್ಡು ತೋರಿಸಿದ.

2020ರ ಮೇ ಮೊದಲ ವಾರ ನಿಮಗೆ ನೆನಪಿರಬಹುದು. ಲಾಕ್‌ಡೌನ್‌ನಲ್ಲಿ ಸಿಕ್ಕಿಬಿದ್ದ ಕಾರ್ಮಿಕರಿಗೆ ಶ್ರಮಿಕ್ ವಿಶೇಷ ರೈಲುಗಳು ಆಗಷ್ಟೇ ಶುರುವಾಗಿದ್ದವು. ಕರ್ನಾಟಕ ಸರ್ಕಾರ ಕಟ್ಟಡ ಉದ್ಯಮದವರ ಜೊತೆ ಸಭೆ ನಡೆಸಿ, ತನ್ನಲ್ಲಿಂದ ಹೊರಡಬೇಕಿದ್ದ ರೈಲುಗಳನ್ನು ರದ್ದು ಮಾಡಲು ಹೇಳಿತು. ದೇಶವಿಡೀ ಗದ್ದಲವಾದ ಮೇಲೆ ಎರಡು ಮೂರು ದಿನಗಳಲ್ಲಿ ನಿರ್ಧಾರ ಬದಲಾಯಿತು. ಆ ಎರಡು ಮೂರು ದಿನ ಅವನಿಗೆ ಒಂದು ತಿಂಗಳಿನಷ್ಟು ಉದ್ದವಾಗಿತ್ತಂತೆ. ಮೇ ಕೊನೆಯಲ್ಲಿ ರೈಲು ಸಿಕ್ಕಿತು. ದಾರಿಯಲ್ಲಿ ಎಲ್ಲೋ ಒಂದು ಸ್ಟೇಷನ್ನಿನಲ್ಲಿ ಪಕ್ಕದ ಬೋಗಿಯಿಂದ ಒಬ್ಬ ಮನುಷ್ಯನನ್ನು ಎತ್ತಿ ಇಳಿಸಿದರು. ನಡುವಯಸ್ಸು, ನೀಲಿ ಚೌಕಳಿ ಅಂಗಿ. ಮುಖಕ್ಕೆ ಬಟ್ಟೆ ಮುಚ್ಚಿದ್ದರು. ಸ್ಟೇಷನ್ ಯಾವುದೆಂದು ಬೋರ್ಡು ಕಾಣಲಿಲ್ಲ. ರೈಲು ಹೊರಟಿತು. ಇವನು ಬನಾರಸ್ ಸೇರಿದ.

ಆ ಸೆಪ್ಟೆಂಬರ್ 14ರಂದು ಸಂಸತ್ತಿನ ಮಳೆಗಾಲದ ಅಧಿವೇಶನ ಶುರುವಾಯಿತು. ಕೋವಿಡ್ ಕಾರಣಕ್ಕೆ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟಿದ್ದರು. ಚುಕ್ಕೆ ಗುರುತಿನ ಪ್ರಶ್ನೆ ಇಲ್ಲ, ಪೂರಕ ಪ್ರಶ್ನೆ ಇಲ್ಲ, ಲಿಖಿತ ಪ್ರಶ್ನೆಗಳಿಗೆ ಮಾತ್ರ ಅವಕಾಶ. ಮೊದಲ ದಿನವೇ ಲೋಕಸಭೆಯಲ್ಲಿ ಕಾರ್ಮಿಕ ಸಚಿವಾಲಯದ ಉತ್ತರ ಬಂತು. ಸುಮಾರು 1.04 ಕೋಟಿ ವಲಸೆ ಕಾರ್ಮಿಕರು ತಮ್ಮ ರಾಜ್ಯಗಳಿಗೆ ಮರಳಿದ್ದಾರೆ, ಅದರಲ್ಲಿ ಉತ್ತರ ಪ್ರದೇಶದ್ದೇ 32 ಲಕ್ಷಕ್ಕೂ ಹೆಚ್ಚು. ಮರಳುವಾಗ ಎಷ್ಟು ಜನ ಸತ್ತರು? ಅಂಥ ಅಂಕಿಅಂಶ ಇಟ್ಟಿಲ್ಲ. ಪರಿಹಾರ ಕೊಟ್ಟಿದ್ದೀರಾ? ಅಂಕಿಅಂಶವೇ ಇಲ್ಲದ್ದರಿಂದ ಆ ಪ್ರಶ್ನೆ ಉದ್ಭವಿಸುವುದಿಲ್ಲ.

ಒಂದು ವಾರ ಕಳೆಯಲಿಲ್ಲ. ರಾಜ್ಯಸಭೆಯಲ್ಲಿ ತೃಣಮೂಲ ಕಾಂಗ್ರೆಸ್ಸಿನ ಡೆರೆಕ್ ಒ'ಬ್ರಿಯನ್ ಇದೇ ಸಂಕಟವನ್ನು ಬೇರೆ ಬಾಗಿಲಿನಿಂದ ಕೇಳಿದರು. ಕಾರ್ಮಿಕ ಸಚಿವಾಲಯವನ್ನಲ್ಲ, ರೈಲ್ವೆಯನ್ನು. ರಸ್ತೆ, ನಡಿಗೆ, ಲಾರಿ ಯಾವುದೂ ಇಲ್ಲ, ಶ್ರಮಿಕ್ ರೈಲುಗಳಲ್ಲಿ ಸತ್ತವರೆಷ್ಟು ಎಂದು ಮಾತ್ರ. ರೈಲ್ವೆ ಸಚಿವ ಪೀಯೂಷ್ ಗೋಯಲ್ ಲಿಖಿತ ಉತ್ತರ ಕೊಟ್ಟರು: ರಾಜ್ಯಗಳ ಪೊಲೀಸರು ಒದಗಿಸಿದ ಮಾಹಿತಿಯಂತೆ ಸೆಪ್ಟೆಂಬರ್ 9ರವರೆಗೆ 97 ಜನ. 87 ದೇಹಗಳನ್ನು ಮರಣೋತ್ತರ ಪರೀಕ್ಷೆಗೆ ಕಳಿಸಲಾಗಿತ್ತು, 51 ವರದಿಗಳು ಬಂದಿದ್ದವು.

ಡೇಟಾಬೇಸ್ ಜೊತೆ ದಿನಗಟ್ಟಲೆ ಗುದ್ದಾಡುವ ನನ್ನಂಥವನಿಗೆ ಇದರಲ್ಲಿ ಒಂದು ಪಾಠ ಎದ್ದು ಕಾಣುತ್ತದೆ. ಅಗಲವಾಗಿ ಕೇಳಿದರೆ 'ಇಲ್ಲ' ಎಂದು ಬರುತ್ತದೆ. ಎಲ್ಲಿ ಬರೆದಿಟ್ಟಿರುತ್ತಾರೋ ಆ ಪುಸ್ತಕದ ಹೆಸರು ಹಿಡಿದು ಕೇಳಿದರೆ ಸಂಖ್ಯೆ ಬರುತ್ತದೆ. ಮೊದಲ ಪ್ರಶ್ನೆ ದಡ್ಡತನದ್ದು ಎಂದಲ್ಲ. ಅದು ಇಲ್ಲದಿದ್ದರೆ ಸರ್ಕಾರ ಎಣಿಸಿಲ್ಲ ಎಂಬ ಸಂಗತಿ ಸರ್ಕಾರದ ಬಾಯಿಂದಲೇ ಕಡತಕ್ಕೆ ಬರುತ್ತಿರಲಿಲ್ಲ. ಎರಡನ್ನೂ ಜೋಡಿಸಿ ಓದಿದಾಗಲೇ ಪೂರ್ತಿ ಚಿತ್ರ.

ಈ 97ರ ಸಂಗತಿ ಅವನಿಗೆ ಹೇಳಿದ್ದು ನಾನೇ, ಹೋದ ವರ್ಷದ ಚಳಿಗಾಲದಲ್ಲಿ. ಇಬ್ಬರೂ ಮಣ್ಣಿನ ಕುಲ್ಹಡ್‌ನಲ್ಲಿ ಮಲೈಯೋ ತಿನ್ನುತ್ತಿದ್ದೆವು. ಅವನು ಚಮಚ ನಿಲ್ಲಿಸಿ ಕೇಳಿದ, 'ಆ ನೀಲಿ ಅಂಗಿಯವನು ಆ 97ರಲ್ಲಿ ಇದ್ದಾನಾ ಅಣ್ಣಾ?'

ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ನಮ್ಮ ಅಡೀಯಲ್ಲಿ ಈ ಮಾತು ಬೆಳೆಯಿತು. ಚಾಚಾ ಹಳಬರು, ಅವರಿಗೆ ಕಾಶಿಯವರು ಪ್ರಶ್ನೆ ಕೇಳುವುದನ್ನು ಮರೆತರು ಎಂದರೆ ಸಿಟ್ಟು. 2009ರಿಂದ 2014ರವರೆಗೆ ಈ ಗಲ್ಲಿಯ ಸಂಸದರಾಗಿದ್ದ ಮುರಳಿ ಮನೋಹರ ಜೋಶಿ ಆಗ ವಿರೋಧ ಪಕ್ಷದವರು, ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷರಾಗಿ 2ಜಿ ಹಗರಣದ ಕಡತಗಳನ್ನು ಕೆದಕಿದವರು ಎಂದು ನೆನಪಿಸಿದರು. ಸರಿಯಾದ ಮಾತು. ಆ ಸಮಿತಿಯ ಅಧ್ಯಕ್ಷಗಿರಿಯನ್ನು ವಿರೋಧ ಪಕ್ಷಕ್ಕೇ ಬಿಟ್ಟುಕೊಡುವ ರೂಢಿ 1967ರಿಂದ ಬಂದಿದೆ. ಇನ್ನೂ ಹಿಂದೆ ಹೋಗಿ ರಾಜನಾರಾಯಣ್ ಹೆಸರು ತೆಗೆದರು. ಬನಾರಸ್ ಹತ್ತಿರದ ಗಂಗಾಪುರದವರು, ಸಮಾಜವಾದಿ. ರಾಯ್‌ಬರೇಲಿಯ ಚುನಾವಣೆಯ ವಿರುದ್ಧ ದಾವೆ ಹೂಡಿ 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನಲ್ಲಿ ಇಂದಿರಾ ಗಾಂಧಿಯವರ ವಿರುದ್ಧ ಗೆದ್ದವರು, 1977ರಲ್ಲಿ ಮತಪೆಟ್ಟಿಗೆಯಲ್ಲೂ ಸೋಲಿಸಿದವರು ಎಂದು ನಾವೆಲ್ಲ ಓದಿರುತ್ತೇವೆ. ಚಾಚಾಗೆ ಮುಖ್ಯವಾದದ್ದು ಬೇರೆ. 1950ರ ದಶಕದಲ್ಲಿ ದಲಿತರನ್ನು ಕರೆದುಕೊಂಡು ಇದೇ ವಿಶ್ವನಾಥ ದೇವಸ್ಥಾನದೊಳಗೆ ಹೋಗಲು ಹೋರಾಟ ನಡೆಸಿದವರು ರಾಜನಾರಾಯಣ್. ಅದನ್ನು ಒಪ್ಪದ ಸಂಪ್ರದಾಯಸ್ಥರು, ಕರಪಾತ್ರಿ ಸ್ವಾಮಿಗಳ ಮುಂದಾಳತ್ವದಲ್ಲಿ, ತಮಗಾಗಿ ಇನ್ನೊಂದು ವಿಶ್ವನಾಥ ಮಂದಿರವನ್ನೇ ಕಟ್ಟಿಕೊಂಡರು. 'ಮೊದಲು ದೇವರ ಬಾಗಿಲಲ್ಲಿ ನಿಂತು ಕೇಳಿದ, ಆಮೇಲೆ ಸರ್ಕಾರದ ಬಾಗಿಲಲ್ಲಿ' ಎಂದರು ಚಾಚಾ.

ಆ ಸಮಾಜವಾದಿಗಳ ಗುರು ರಾಮಮನೋಹರ ಲೋಹಿಯಾ. ಅವರೂ ಇಂಟರ್‌ಮೀಡಿಯೆಟ್ ಓದಿದ್ದು ಇಲ್ಲಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ. 1951ರಲ್ಲಿ ಕಾಗೋಡು ಸತ್ಯಾಗ್ರಹಕ್ಕೆ ಸಾಗರದ ಕಡೆ ಬಂದು ಬಂಧನಕ್ಕೊಳಗಾದವರು ಎಂಬುದು ಮಲೆನಾಡಿನವರಿಗೆ ಗೊತ್ತೇ ಇದೆ. ಉಪಚುನಾವಣೆಯಲ್ಲಿ ಗೆದ್ದು ಲೋಕಸಭೆಗೆ ಕಾಲಿಟ್ಟ ಮೂರೇ ತಿಂಗಳಲ್ಲಿ, 1963ರ ಆಗಸ್ಟ್‌ನಲ್ಲಿ, ನೆಹರೂ ಸರ್ಕಾರದ ಮೇಲೆ ಜೆ.ಬಿ. ಕೃಪಲಾನಿ ತಂದ ಅವಿಶ್ವಾಸ ನಿರ್ಣಯದ ಚರ್ಚೆಯಲ್ಲಿ ಅವರು ಎದ್ದರು. ಸ್ವತಂತ್ರ ಭಾರತದ ಮೊದಲ ಅವಿಶ್ವಾಸ ನಿರ್ಣಯ ಅದು. ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ, ಪ್ರಧಾನಿಯ ಮೇಲೆ ದಿನಕ್ಕೆ 25,000 ರೂಪಾಯಿ ಖರ್ಚಾಗುತ್ತಿದೆ ಎಂಬುದು ಅವರ ಆರೋಪ. ಮೂರಾಣೆಯಲ್ಲ, ಹದಿನೈದಾಣೆ ಎಂದು ನೆಹರೂ ಉತ್ತರಿಸಿದರು. ಆಣೆ ಲೆಕ್ಕ 1957ರಲ್ಲೇ ಸರ್ಕಾರಿ ಪುಸ್ತಕದಿಂದ ಹೋಗಿತ್ತು, ಜನರ ಬಾಯಿಂದ ಹೋಗಿರಲಿಲ್ಲ. ಮೂರಾಣೆ ಅಂದರೆ ಇಂದಿನ ಲೆಕ್ಕಕ್ಕೆ ಹೆಚ್ಚುಕಡಿಮೆ 19 ಪೈಸೆ. ನಿರ್ಣಯ ಬಿದ್ದುಹೋಯಿತು, ಪರವಾಗಿ 62, ವಿರುದ್ಧ 347. ಆದರೆ 'ಮೂರಾಣೆ' ಉಳಿಯಿತು. ಚಾಚಾ ಇವತ್ತಿಗೂ ಗಿರಾಕಿ ಬಹಳ ಚೌಕಾಸಿ ಮಾಡಿದರೆ 'ತೀನ್ ಆನಾ ಕೊಡಿ ಸಾಕು' ಎಂದು ಕೈ ಚಾಚುತ್ತಾರೆ.

ಇಷ್ಟು ಕೇಳಿದ ಮೇಲೆ ನಾನು ಸುಮ್ಮನಿರುವುದು ಹೇಗೆ? ನಮ್ಮ ತಾಲ್ಲೂಕಿನ ಕಥೆ ಹೇಳಿದೆ.

ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಸಂಯುಕ್ತ ಸೋಷಿಯಲಿಸ್ಟ್ ಪಕ್ಷದಿಂದ ಶಿವಮೊಗ್ಗ ಕ್ಷೇತ್ರದಲ್ಲಿ ಗೆದ್ದು ದಿಲ್ಲಿಗೆ ಹೋದರು. ವಯಸ್ಸು 36. ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದ ಮೊದಲಿಗರು ಎಂದು ನಾವೆಲ್ಲ ಅವರನ್ನು ನೆನೆಯುವುದು ಅದಕ್ಕೇ. ಆಗ ಸ್ಪೀಕರ್ ಆಗಿದ್ದವರು ನೀಲಂ ಸಂಜೀವ ರೆಡ್ಡಿ, ನಮ್ಮ ಗಡಿಗೆ ಅಂಟಿಕೊಂಡ ಹಿಂದೂಪುರದಿಂದ ಗೆದ್ದವರು. ಅವರು ಅವಕಾಶ ಕೊಟ್ಟರು. ಸಂವಿಧಾನದ 120ನೇ ವಿಧಿ ಏನು ಹೇಳುತ್ತದೆ ಎಂದು ನಾನು ತೆಗೆದು ನೋಡಿದ್ದೇನೆ. ಸಂಸತ್ತಿನ ವ್ಯವಹಾರ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ. ಈ ಎರಡರಲ್ಲೂ ಸರಿಯಾಗಿ ಹೇಳಿಕೊಳ್ಳಲಾಗದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತನಾಡಲು ಸ್ಪೀಕರ್ ಅನುಮತಿ ಕೊಡಬಹುದು. ಅಂದರೆ ಮಾತೃಭಾಷೆ ಅಲ್ಲಿ ಬರುವುದು ಬಾರದವನಿಗೆ ತೋರಿಸುವ ಕರುಣೆಯಾಗಿ. ಪಟೇಲರು ಕಾನೂನು ಓದಿದವರು, ಇಂಗ್ಲಿಷು ಚೆನ್ನಾಗಿಯೇ ಬಲ್ಲವರು. ಬಾರದ್ದಕ್ಕಲ್ಲ, ಬೇಕೆಂದೇ ಕನ್ನಡದಲ್ಲಿ ನಿಂತರು. ನನ್ನ ಮಟ್ಟಿಗೆ ಅದೇ ಒಂದು ಪ್ರಶ್ನೆ. ಕಾರಿಗನೂರಿನ ಅಡಿಕೆ ತೋಟದ ಕೂಲಿಯವನ ಮಾತು ಈ ಮನೆಯೊಳಗೆ ಬರಬೇಕಾದರೆ ಯಾರ ಬಟ್ಟೆ ತೊಟ್ಟು ಬರಬೇಕು?

ನನ್ನ ಅಜ್ಜ ಪಟೇಲರ ಪಕ್ಷದವರಲ್ಲ, ಆ ಚುನಾವಣೆಯಲ್ಲಿ ವೋಟೂ ಹಾಕಿರಲಿಲ್ಲ. ಆದರೂ ಆ ಸಂಗತಿ ಹೇಳುವಾಗ 'ನಮ್ ಪಟೇಲ್ರು' ಅನ್ನುತ್ತಿದ್ದರು. 'ನಾವ್ ಕೊಟ್ಟೆ ಅಂಗಡೀಲಿ ಆಡೋ ಮಾತ್ನ ಡಿಲ್ಲೀಲಿ ಆಡಿದ್ರಪ್ಪ' ಎಂದು ನಗುತ್ತಿದ್ದರು. ಮುಂದೆ ಪಟೇಲರು ಮುಖ್ಯಮಂತ್ರಿಯಾಗಿ 1997ರಲ್ಲಿ ಹೊಸ ಜಿಲ್ಲೆಗಳನ್ನು ಮಾಡಿದಾಗ ನಮ್ಮ ಚನ್ನಗಿರಿ ಶಿವಮೊಗ್ಗದಿಂದ ದಾವಣಗೆರೆಗೆ ಹೋಯಿತು. ಅದಕ್ಕೆ ಅಜ್ಜ ಬೈದದ್ದೂ ಅಷ್ಟೇ ಚೆನ್ನಾಗಿ ನೆನಪಿದೆ.

ಒಂದು ತಮಾಷೆ ನೋಡಿ. ಪಟೇಲರು ಅಲ್ಲಿ ಕನ್ನಡ ಮಾತನಾಡಿದ ಅದೇ 1967ರ ಕೊನೆಗೆ ಬನಾರಸಿನ ವಿದ್ಯಾರ್ಥಿಗಳು 'ಅಂಗ್ರೇಜಿ ಹಟಾವೋ' ಎಂದು ಬೀದಿಗಿಳಿದಿದ್ದರು. ಎರಡಕ್ಕೂ ಸ್ಫೂರ್ತಿ ಅದೇ ಲೋಹಿಯಾ. ಇಲ್ಲಿಯವರಿಗೆ ಇಂಗ್ಲಿಷ್ ಹೋದರೆ ಹಿಂದಿ ಬರುತ್ತದೆ ಎಂಬ ಲೆಕ್ಕ. ನಮ್ಮವರಿಗೆ ಇಂಗ್ಲಿಷ್ ಹೋದರೆ ಕನ್ನಡ ಬರಬೇಕಲ್ಲ ಎಂಬ ಲೆಕ್ಕ. ಈ ಮಾತಿಗೆ ಬೆಂಚಿನಲ್ಲಿ ಸ್ವಲ್ಪ ಹೊತ್ತು ಗದ್ದಲವಾಯಿತು. ಪಾನ್ ಅಂಗಡಿಯ ಹುಡುಗ ನನ್ನ ಪಕ್ಷ ವಹಿಸಿದ. ಬೆಂಗಳೂರಿನಲ್ಲಿ ಮೇಸ್ತ್ರಿಗೆ ಹಿಂದಿಯಲ್ಲಿ ಕೂಲಿ ಕೇಳಿದರೆ ನಾಳೆ ಎನ್ನುತ್ತಿದ್ದನಂತೆ, ಕನ್ನಡದಲ್ಲಿ ಕೇಳಲು ಕಲಿತ ಮೇಲೆ ಸಂಜೆಗೆ ಕೊಡುತ್ತಿದ್ದನಂತೆ.

ಲಿಖಿತ ಪ್ರಶ್ನೆಯೊಂದಕ್ಕೆ ಯಾರೂ ಹೆದರುವುದಿಲ್ಲ ಎನ್ನುವವರಿಗೆ ನಾನು ಚಿಕ್ಕಮಗಳೂರಿನ ಸಂಗತಿ ಹೇಳುತ್ತೇನೆ. 1975ರಲ್ಲಿ, ತುರ್ತುಪರಿಸ್ಥಿತಿಗೆ ಮೊದಲು, ಪ್ರಧಾನಿಯ ಮಗ ಸಂಜಯ್ ಗಾಂಧಿಯವರ ಮಾರುತಿ ಕಂಪನಿಯ ಬಗ್ಗೆ ಲೋಕಸಭೆಯಲ್ಲಿ ಪ್ರಶ್ನೆ ಬಂದಿತ್ತು. ಉತ್ತರಕ್ಕೆ ಮಾಹಿತಿ ಕಲೆಹಾಕುತ್ತಿದ್ದ ನಾಲ್ವರು ಅಧಿಕಾರಿಗಳು ಕಿರುಕುಳಕ್ಕೆ ಗುರಿಯಾದರು, ಅವರ ಮೇಲೆ ಮೊಕದ್ದಮೆಗಳು ಬಿದ್ದವು. ಕೇಳಿದ ಸದಸ್ಯನ ಮೇಲಲ್ಲ, ಉತ್ತರ ಹುಡುಕಿದ ಗುಮಾಸ್ತರ ಮೇಲೆ! ಸರ್ಕಾರ ಬದಲಾದ ಮೇಲೆ ಮಧು ಲಿಮಯೆ ಮುಂತಾದವರು ಹಕ್ಕುಚ್ಯುತಿ ಎತ್ತಿದರು. ಇಂದಿರಾ ಗಾಂಧಿಯವರು 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಮರಳಿದ್ದರಷ್ಟೇ. ಡಿಸೆಂಬರ್ 19ರಂದು ಸದನ ಅವರನ್ನು ಉಚ್ಚಾಟಿಸಿ ತಿಹಾರ್ ಜೈಲಿಗೆ ಕಳಿಸಿತು. ಚಿಕ್ಕಮಗಳೂರಿನವರು ಆರಿಸಿ ಕಳಿಸಿದ ಸದಸ್ಯರನ್ನು ಹಾಗೆ ಹೊರಗೆ ಹಾಕಿದ್ದು ಅತಿಯಾಯಿತು ಎಂದೇ ನನ್ನ ಅಭಿಪ್ರಾಯ, 1981ರಲ್ಲಿ ಮುಂದಿನ ಲೋಕಸಭೆ ಆ ನಿರ್ಣಯವನ್ನು ರದ್ದು ಮಾಡಿದ್ದೂ ಇದೆ. ಆದರೆ ಆ ಸರಪಳಿಯ ಮೊದಲ ಕೊಂಡಿ ಏನು ಎಂಬುದನ್ನು ಮರೆಯಬಾರದು. ಟೈಪ್ ಮಾಡಿದ ಒಂದು ಪ್ರಶ್ನೆ.

ಹಾಗೆಂದು ಇಂದಿನ ವಿರೋಧ ಪಕ್ಷದವರೆಲ್ಲ ಲೋಹಿಯಾಗಳು ಎಂದು ನಾನು ಹೇಳುತ್ತಿಲ್ಲ. ಪ್ರಶ್ನೋತ್ತರ ವೇಳೆಯಲ್ಲಿ ಚೀಟಿಯಲ್ಲಿ ತಮ್ಮ ಪ್ರಶ್ನೆಯೇ ಎದ್ದು ಬಂದ ದಿನವೂ ಫಲಕ ಹಿಡಿದು ಸದನದ ಬಾವಿಗೆ ಇಳಿಯುವವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಕೂಗಿಗೆ ಮಂತ್ರಿ ಉತ್ತರಿಸಬೇಕಾಗಿಲ್ಲ, ಪ್ರಶ್ನೆಗೆ ಉತ್ತರಿಸಬೇಕು. ಇಂದು ಆಳುವವರೂ ಅಂದು ವಿರೋಧದಲ್ಲಿದ್ದಾಗ ಅಧಿವೇಶನಕ್ಕೆ ಅಧಿವೇಶನವನ್ನೇ ನಿಲ್ಲಿಸಿದ್ದು ಯಾರೂ ಮರೆತಿಲ್ಲ. ಆದರೆ ತಕ್ಕಡಿಯ ಎರಡೂ ತಟ್ಟೆ ಸಮ ಎಂದು ಹೇಳಿ ಕೈ ತೊಳೆದುಕೊಳ್ಳಲಾರೆ. 2023ರ ಡಿಸೆಂಬರ್ 13ರಂದು ಲೋಕಸಭೆಯೊಳಗೆ ಇಬ್ಬರು ಹಾರಿ ಹೊಗೆ ಎಬ್ಬಿಸಿದರಲ್ಲ, ಆ ಭದ್ರತಾ ಲೋಪದ ಬಗ್ಗೆ ಗೃಹ ಸಚಿವರು ಹೇಳಿಕೆ ಕೊಡಲಿ ಎಂದು ಪಟ್ಟು ಹಿಡಿದದ್ದಕ್ಕೆ ಆ ಅಧಿವೇಶನದಲ್ಲಿ ಎರಡೂ ಸದನಗಳಿಂದ 146 ಸದಸ್ಯರು ಅಮಾನತಾದರು. ನಮ್ಮ ಡಿ.ಕೆ. ಸುರೇಶ್ ಕೊನೆಯ ಕಂತಿನಲ್ಲಿದ್ದರು. ಅಮಾನತಾದವರ ಹೆಸರಿನಲ್ಲಿದ್ದ ಪ್ರಶ್ನೆಗಳು ಪಟ್ಟಿಯಿಂದ ಹೋದವು. ಟಿಕೆಟ್ ಬಗೆಹರಿಸುವ ಬದಲು ಗ್ರಾಹಕನ ಖಾತೆಯನ್ನೇ ಅಳಿಸಿದಂತೆ. ನಮ್ಮ ಕೆಲಸದಲ್ಲಿ ಹಾಗೆ ಮಾಡಿದವನನ್ನು ಮರುದಿನ ಮನೆಗೆ ಕಳಿಸುತ್ತಾರೆ.

ಈ ಮಾತುಗಳೆಲ್ಲ ಆಗಿ ಕೆಲವು ದಿನಗಳ ಮೇಲೆ ಪಾನ್ ಅಂಗಡಿಯ ಹುಡುಗ ನಮ್ಮ ಮನೆಗೆ ಹತ್ತಿ ಬಂದ. ನಮ್ಮ ಪ್ರಶ್ನೆ ನಾವೇ ಬರೆದು ಯಾರಾದರೂ ಎಂಪಿಗೆ ಕೊಡಬಹುದಾ ಎಂದು ಕೇಳಿದ. ಕೊಡಬಹುದು. ಯಾವ ಸಂಸದರಾದರೂ ದೇಶದ ಯಾವ ಮೂಲೆಯ ವಿಷಯವನ್ನಾದರೂ ಕೇಳಬಹುದು, ಅದು ಅವರ ಕ್ಷೇತ್ರದ್ದೇ ಆಗಿರಬೇಕೆಂದಿಲ್ಲ. ಅವನ ಸಂಸದರು ಕೇಳುವ ಹಾಗಿಲ್ಲ. ನನ್ನ ದಾವಣಗೆರೆಯ ಸಂಸದರು ಈಗ ವಿರೋಧ ಪಕ್ಷದಲ್ಲಿದ್ದಾರೆ. ಹಾಗಾದರೆ ಅಲ್ಲಿಗೇ ಎಂದು ತೀರ್ಮಾನವಾಯಿತು.

ಅವನಿಗೆ ನೀಲಿ ಅಂಗಿಯ ಮನುಷ್ಯನ ಬಗ್ಗೆಯೇ ಕೇಳಬೇಕಿತ್ತು. ಒಬ್ಬ ವ್ಯಕ್ತಿಯ ಗುರುತಿನ ಮೇಲೆ ಪ್ರಶ್ನೆ ನಿಲ್ಲುವುದಿಲ್ಲ, ಎಲ್ಲರಿಗೂ ಸಂಬಂಧಿಸಿದ್ದಾಗಿರಬೇಕು ಎಂದೆ. ಎರಡು ಸಂಜೆ ಕೂತೆವು. ಕೊನೆಗೆ ಹೀಗಾಯಿತು: 2020ರಲ್ಲಿ ಶ್ರಮಿಕ್ ರೈಲುಗಳಲ್ಲಿ ಮೃತಪಟ್ಟರೆಂದು ಸದನಕ್ಕೆ ತಿಳಿಸಲಾದ 97 ಜನರ ರಾಜ್ಯವಾರು ಮತ್ತು ನಿಲ್ದಾಣವಾರು ವಿವರವೇನು, ಎಷ್ಟು ಜನರ ಗುರುತು ಪತ್ತೆಯಾಗಿದೆ, ಉಳಿದ ಮರಣೋತ್ತರ ವರದಿಗಳು ಬಂದಿವೆಯೇ, ಎಷ್ಟು ಕುಟುಂಬಗಳಿಗೆ ಪರಿಹಾರ ಸಿಕ್ಕಿದೆ, ಇಲ್ಲದಿದ್ದರೆ ಕಾರಣವೇನು. 'ನಿಲ್ದಾಣವಾರು' ಸೇರಿಸಿದ್ದು ಅವನು. ಪಟ್ಟಿ ಬಂದರೆ ತಾನು ಹೋದ ದಾರಿಯ ಸ್ಟೇಷನ್ನುಗಳನ್ನು ಹಿಡಿದು ನೋಡಬಹುದಲ್ಲ ಎಂಬುದು ಅವನ ಲೆಕ್ಕ. ಹಿಂದಿಯಲ್ಲಿ ಒಂದು ಪ್ರತಿ, ಕನ್ನಡದಲ್ಲಿ ಒಂದು. ಪದ ಎಣಿಸಿದ, 150ರೊಳಗೇ ಇತ್ತು.

ರಿಜಿಸ್ಟರ್ಡ್ ಪೋಸ್ಟ್ ಮಾಡಿ ಬಂದೆವು. ರಸೀದಿ ಅವನ ಅಪ್ಪನ ಅಂಗಡಿಯಲ್ಲಿ ಸುಣ್ಣದ ಡಬ್ಬಿಯ ಕೆಳಗಿದೆ. ಮುಂದಿನ ಅಧಿವೇಶನದ ತಾರೀಕು ಪ್ರಕಟವಾಯಿತಾ ಎಂದು ಅವನು ದಿನಾ ಬೆಳಿಗ್ಗೆ ಕೇಳುತ್ತಾನೆ, ಕನ್ನಡದಲ್ಲಿ.